ಬಕೆಟ್ಟಿಗೆ ಬಿದ್ದ ಅನ್ನದ ಲೆಕ್ಕವನ್ನೂ ಕೇಳಿ

ಉಡುಪಿ ಜಿಲ್ಲೆಯ ಶಾಲೆಗಳ ಬಿಸಿಯೂಟದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ಸಾದರ ನಮಸ್ಕಾರಗಳು.

ನಾನು ನಲವತ್ತು ವರ್ಷ ಮುಂಬಯಿ, ಠಾಣೆಗಳಲ್ಲಿ ಅಡುಗೆಮನೆಯ ಕೆಲಸ ಮಾಡಿದವನು. ಹದಿನಾರನೆಯ ವಯಸ್ಸಿನಲ್ಲಿ ಈ ಊರಿನ ಎಷ್ಟೋ ಹುಡುಗರಂತೆ ರಾತ್ರಿ ಬಸ್ಸು ಹತ್ತಿ ಹೋದೆ. ಲೋಟ ತೊಳೆಯುವುದರಿಂದ ತೊಡಗಿ, ಕೊನೆಯ ಇಪ್ಪತ್ತೆರಡು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿದು ನಡೆಸಿದೆ. ದಿನಕ್ಕೆ ಆರುನೂರು ಊಟ. ಊರಿಗೆ ಮರಳಿ ಆರು ವರ್ಷವಾಯಿತು. ಮಗಳ ಮಗ ಇಲ್ಲಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾನೆ. ಅವನ ಪೋಷಕನೆಂಬ ನೆಲೆಯಲ್ಲಿ ನಾನು ಶಾಲೆಯ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. ಶಾಲೆಯ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ಕೊರತೆ ಆ ಶಾಲೆಯ ಟೀಚರುಗಳದ್ದಾಗಲೀ ಅಡುಗೆಯವರದ್ದಾಗಲೀ ಅಲ್ಲ, ನಾವೆಲ್ಲ ಒಪ್ಪಿಕೊಂಡು ಬಂದಿರುವ ಪದ್ಧತಿಯದ್ದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಇದೇ ಶಾಲೆಯ ಜಗಲಿಯಲ್ಲಿ ಕುಳಿತು, ಅಮೆರಿಕದಿಂದ ಬರುತ್ತಿದ್ದ ಗೋಧಿ ನುಚ್ಚಿನ ಸಜ್ಜಿಗೆ ತಿಂದವನು ನಾನು. ಮನೆಯಲ್ಲಿ ಮಧ್ಯಾಹ್ನಕ್ಕೆ ಒಲೆ ಉರಿಯುತ್ತಿರಲಿಲ್ಲ. ಆ ಸಜ್ಜಿಗೆ ಇಲ್ಲದೆ ಹೋಗಿದ್ದರೆ ನಾನು ಮೂರನೇ ತರಗತಿಯನ್ನು ದಾಟುತ್ತಿರಲಿಲ್ಲ. ಆದ್ದರಿಂದ ಶಾಲೆಯ ಊಟ ಎಂದರೆ ನನಗೆ ಸರಕಾರದ ಹತ್ತರಲ್ಲಿ ಹನ್ನೊಂದನೆಯ ಯೋಜನೆ ಅಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿದ ಸುದ್ದಿಯನ್ನು ಠಾಣೆಯಲ್ಲಿ ಪತ್ರಿಕೆಯಲ್ಲಿ ಓದಿದ್ದು ನೆನಪಿದೆ. ಅದರ ಬೆನ್ನಿಗೇ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಬಂತು. ಇಷ್ಟು ದೊಡ್ಡ ಕೆಲಸ ಇಷ್ಟು ವರ್ಷ ನಿಲ್ಲದೆ ನಡೆದಿದೆ ಎಂಬುದರ ಬೆಲೆ ಆರುನೂರು ಊಟ ಹಾಕಿದವನಿಗೆ ಚೆನ್ನಾಗಿ ಗೊತ್ತು.

ಕಳೆದ ಜುಲೈಯಲ್ಲಿ ಎಸ್‌ಡಿಎಂಸಿ ಸಭೆಗೆಂದು ಹೋದವನು ಸ್ವಲ್ಪ ಬೇಗ ತಲುಪಿದ್ದೆ. ಮಕ್ಕಳ ಊಟ ಮುಗಿಯುತ್ತಿತ್ತು. ಕೈ ತೊಳೆಯುವ ನಳ್ಳಿಯ ಬಳಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದರು. ಎರಡನೇ ತರಗತಿಯಷ್ಟು ದೊಡ್ಡ ಹುಡುಗಿಯೊಬ್ಬಳು ಬಂದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅನ್ನವನ್ನು ಬಕೆಟ್ಟಿಗೆ ಜಾರಿಸಿದಳು. ತಟ್ಟೆಯ ಅಂಚಿಗೆ ಅಂಟಿದ್ದ ಎರಡು ಸೌತೆಕಾಯಿ ಹೋಳುಗಳನ್ನು ಬೆರಳಿನಿಂದ ತಳ್ಳಿದಳು. ಆಮೇಲೆ ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿ ನೋಡಿದಳು. ಬಕೆಟ್ ಮುಕ್ಕಾಲು ತುಂಬಿತ್ತು.

ಆ ಬಕೆಟ್ ನನ್ನನ್ನು ಮಲಗಲು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ದಿನದ ಕೊನೆಗೆ ನಾನು ನೋಡುತ್ತಿದ್ದದ್ದು ಗಲ್ಲಾಪೆಟ್ಟಿಗೆಯನ್ನಲ್ಲ, ಎಂಜಲಿನ ಡ್ರಮ್ಮನ್ನು. ಏನು ಉಳಿಯಿತು, ಎಷ್ಟು ಉಳಿಯಿತು ಎಂಬುದರಲ್ಲೇ ಅಡುಗೆಮನೆಯ ಅಷ್ಟೂ ಸಮಾಚಾರ ಇರುತ್ತದೆ. ಮುಖ್ಯ ಶಿಕ್ಷಕಿಯವರ ಒಪ್ಪಿಗೆ ಕೇಳಿ, ನನ್ನದೇ ಒಂದು ತಕ್ಕಡಿ ಒಯ್ದು, ಹದಿನೆಂಟು ಶಾಲಾ ದಿನ ಆ ಬಕೆಟ್ಟನ್ನು ತೂಗಿದೆ. ಅಡುಗೆಮನೆಯ ಬಾಗಿಲಿನಲ್ಲಿ ಕುಳಿತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಕೆಲಸವನ್ನು ನೋಡಿದೆ. ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಶಾಲೆಯಲ್ಲಿ 92 ಮಕ್ಕಳು. ಒಂದರಿಂದ ಐದರವರೆಗೆ 58, ಆರು ಮತ್ತು ಏಳರಲ್ಲಿ 34. ನಿಯಮದ ಪ್ರಕಾರ ಚಿಕ್ಕ ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ದೊಡ್ಡವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಎಲ್ಲರೂ ಬಂದ ದಿನ ಒಟ್ಟು 10 ಕಿಲೋ 900 ಗ್ರಾಂ ಅಕ್ಕಿ, ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಬೇಳೆ, ಐದೂವರೆ ಕಿಲೋದಷ್ಟು ತರಕಾರಿ. ಅಕ್ಕಿಯನ್ನು ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪುಡಿ, ಗ್ಯಾಸ್ ಎಲ್ಲಕ್ಕೂ ಸೇರಿಸಿ 2025ರ ಮೇ ತಿಂಗಳಿನಿಂದ ನಿಗದಿಯಾದ ವೆಚ್ಚ ಚಿಕ್ಕ ಮಗುವಿಗೆ ₹6.78, ದೊಡ್ಡ ಮಗುವಿಗೆ ₹10.17. ಈ ಶಾಲೆಗೆ ಹಾಕಿ ನೋಡಿದರೆ ದಿನಕ್ಕೆ ₹739. ಇಷ್ಟರಲ್ಲಿ 92 ಹೊಟ್ಟೆ ತುಂಬಬೇಕು. ಕೈ ಬಿಗಿಯಾಗಿರುವ ಇಂತಹ ಅಡುಗೆಮನೆಯಲ್ಲಿ ಒಂದು ಕಿಲೋ ಅನ್ನ ಬಕೆಟ್ಟಿಗೆ ಬಿದ್ದರೂ ಅದು ಯಾವುದೋ ಮಗುವಿನ ತಟ್ಟೆಯಿಂದ ಕಿತ್ತುಕೊಂಡ ಅನ್ನ.

ಹದಿನೆಂಟು ದಿನಗಳಲ್ಲಿ ಅತಿ ಕೆಟ್ಟ ದಿನ ಬಕೆಟ್ಟಿನಲ್ಲಿ ನಾಲ್ಕೂವರೆ ಕಿಲೋ ಇತ್ತು. ಅತಿ ಒಳ್ಳೆಯ ದಿನ ಮುಕ್ಕಾಲು ಕಿಲೋ. ಅಕ್ಕಿ ಅದೇ, ಬೇಳೆ ಅದೇ, ಅಡುಗೆಯ ಅಕ್ಕಂದಿರೂ ಅವರೇ. ಹಾಗಾದರೆ ಈ ಸುಮಾರು ನಾಲ್ಕು ಕಿಲೋದ ಅಂತರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಕೇಳುವ ಜಾಗ ಶಾಲೆಯ ಯಾವ ಪುಸ್ತಕದಲ್ಲಿಯೂ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಬಂದ ಅಕ್ಕಿ ಇದೆ, ಖರ್ಚಾದ ಅಕ್ಕಿ ಇದೆ, ಉಳಿದ ಅಕ್ಕಿ ಇದೆ. ಹಾಜರಿಯನ್ನು ನೂರು ಗ್ರಾಮಿನಿಂದ, ನೂರೈವತ್ತು ಗ್ರಾಮಿನಿಂದ ಗುಣಿಸಿದರೆ ಖರ್ಚಿನ ಕಾಲಂ ಸರಿಯಾಗಿ ತಾಳೆಯಾಗುತ್ತದೆ. ಆ ದಿನ ಮಕ್ಕಳು ಉಂಡರೇ ಎಂದು ಮಾತ್ರ ಅದು ಹೇಳುವುದಿಲ್ಲ. ನಾಲ್ಕೂವರೆ ಕಿಲೋ ಬಕೆಟ್ಟಿಗೆ ಬಿದ್ದ ದಿನವೂ ಮುಕ್ಕಾಲು ಕಿಲೋ ಬಿದ್ದ ದಿನವೂ ಪುಸ್ತಕದಲ್ಲಿ ಒಂದೇ ರೀತಿ ಇವೆ.

ಅಂತರದ ಒಂದು ಕಾರಣ ಬಡಿಸುವ ಕ್ರಮ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಾರೆ. ಒಂದನೇ ತರಗತಿಯ ಮಗುವಿಗೂ ಏಳನೇ ತರಗತಿಯ ಹುಡುಗನಿಗೂ ಒಂದೇ ಸೌಟು, ಒಂದೇ ಸಲ. ಚಿಕ್ಕ ಮಗು ಅರ್ಧ ತಿಂದು ಬಕೆಟ್ಟಿಗೆ ಹಾಕುತ್ತದೆ. ದೊಡ್ಡ ಹುಡುಗ ಎರಡನೇ ಸಲ ಕೇಳಲು ಸಂಕೋಚಪಟ್ಟು ಎದ್ದು ಹೋಗುತ್ತಾನೆ. ಪಂಕ್ತಿಯಲ್ಲಿ ಬಡಿಸುವುದು ಹೇಗೆಂದು ಉಡುಪಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮೊದಲು ಸ್ವಲ್ಪ ಬಡಿಸುತ್ತೇವೆ. ಸಾರಿನ ಹಿಂದೆ ಮತ್ತೊಮ್ಮೆ ಅನ್ನದವರು ಬರುತ್ತಾರೆ, ಹುಳಿಯ ಹಿಂದೆ ಮತ್ತೊಮ್ಮೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮುಂದಕ್ಕೆ ಹೋಗುತ್ತಾರೆ. ಟೀಚರಲ್ಲಿ ಕೇಳಿಕೊಂಡು ಒಂದು ವಾರ ಹಾಗೆ ಮಾಡಿಸಿದೆವು. ಮಕ್ಕಳನ್ನು ಜಗಲಿಯಲ್ಲಿ ಎರಡು ಸಾಲಾಗಿ ಕೂರಿಸಿ, ಏಳನೇ ತರಗತಿಯ ನಾಲ್ವರು ಮಕ್ಕಳ ಜೊತೆ ನಾನೂ ಅನ್ನದ ಬಕೆಟ್ ಹಿಡಿದು ಎರಡು ಸುತ್ತು ಬಡಿಸಿದೆ. ಮುಕ್ಕಾಲು ಕಿಲೋದ ದಿನ ಬಂದದ್ದು ಆ ವಾರದಲ್ಲೇ. ಒಂದು ಪೈಸೆಯ ಖರ್ಚಿಲ್ಲ. ಊಟದ ಅವಧಿ ಎಂಟು ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೇ.

ಎರಡನೆಯ ಕಾರಣ ಎಲೆಯ ಲೆಕ್ಕ. ನಮ್ಮಲ್ಲಿ ಮದುವೆಗೋ ಉಪನಯನಕ್ಕೋ ಅಡುಗೆಯವರನ್ನು ಗೊತ್ತುಮಾಡಲು ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಎಲೆ? ಅದು ಗೊತ್ತಾಗದೆ ಅವರು ಅಕ್ಕಿ ಅಳೆಯುವುದಿಲ್ಲ. ಶಾಲೆಯಲ್ಲಿ ಅಕ್ಕ ಒಂಬತ್ತು ಗಂಟೆಗೆ ಬಂದು, ಒಂಬತ್ತೂವರೆಗೆ ಅಕ್ಕಿ ತೊಳೆಯುತ್ತಾರೆ. ಹಾಜರಿ ಕೂಗಿ ಮುಗಿದು ಲೆಕ್ಕ ಅಡುಗೆಮನೆಗೆ ತಲುಪುವಾಗ ಹತ್ತೂಕಾಲು. ಆಗಲೇ ನೀರು ಕುದಿಯುತ್ತಿರುತ್ತದೆ. ಊರಿನಲ್ಲಿ ದೈವದ ನೇಮವೋ ಕೋಲವೋ ಇದ್ದ ಮರುದಿನ, ಜಡಿಮಳೆಯ ದಿನ, ಹದಿನೈದು ಇಪ್ಪತ್ತು ಮಕ್ಕಳು ಬಂದೇ ಇರುವುದಿಲ್ಲ. ಅಷ್ಟು ಅನ್ನ ಬೆಂದಿರುತ್ತದೆ. ತರಗತಿಯ ಮಕ್ಕಳ ನಾಯಕ ಬೆಳಗಿನ ಪ್ರಾರ್ಥನೆಗೆ ಮೊದಲು ತಲೆ ಎಣಿಸಿ ಅಡುಗೆಮನೆಯ ಬಾಗಿಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದರೆ ಸಾಕು. ಇದನ್ನು ಒಂದು ಸುತ್ತೋಲೆಯ ಮೂಲಕ ಜಿಲ್ಲೆಯ ಎಲ್ಲ ಶಾಲೆಗಳಿಗೂ ತಿಳಿಸಬಹುದು.

ಮಳೆಯ ರಜೆಯ ವಿಚಾರವನ್ನು ಇಲ್ಲಿಯೇ ಹೇಳಬೇಕು. ಕರಾವಳಿಯ ಮಳೆಗಾಲದಲ್ಲಿ ರಜೆ ಕೊಡುವುದು ಅನಿವಾರ್ಯ, ಮಕ್ಕಳ ಜೀವಕ್ಕಿಂತ ಅನ್ನ ದೊಡ್ಡದಲ್ಲ. ಆದರೆ ಒಂದು ದಿನ ರಜೆಯ ಸುದ್ದಿ ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ ಬಂತು. ಟೀಚರುಗಳ ವಾಟ್ಸ್ಆ್ಯಪ್ ಗುಂಪಿಗೆ ಬಂತು, ಪೋಷಕರ ಗುಂಪಿಗೂ ಬಂತು. ಮುಖ್ಯ ಅಡುಗೆಯ ಅಕ್ಕನ ಬಳಿ ಇರುವುದು ಬಟನ್ ಫೋನು. ಅವರು ಎರಡು ಕಿಲೋಮೀಟರು ಗದ್ದೆಯ ಬದುವಿನಲ್ಲಿ ನಡೆದು, ಸೊಂಟದವರೆಗೆ ಒದ್ದೆಯಾಗಿ ಬಂದು ನೋಡಿದರೆ ಗೇಟಿಗೆ ಬೀಗ. ಹಿಂದಿನ ಸಂಜೆ ಒಂದೂವರೆ ಕಿಲೋ ಹೆಸರುಕಾಳು ನೆನೆಹಾಕಿ ಹೋಗಿದ್ದರು. ರಜೆ ಇನ್ನೊಂದು ದಿನಕ್ಕೆ ಮುಂದುವರಿಯಿತು. ಮೂರನೆಯ ದಿನ ಕಾಳು ನೊರೆ ಬಂದು ನಾರುತ್ತಿತ್ತು. ಅದನ್ನು ತೆಂಗಿನ ಬುಡಕ್ಕೆ ಸುರಿದು ಬಂದು ಆಕೆ ನನ್ನಲ್ಲಿ ಕೇಳಿದ್ದು ಇಷ್ಟೇ: "ಅಣ್ಣ, ಇದನ್ನು ಪುಸ್ತಕದಲ್ಲಿ ಎಲ್ಲಿ ಬರೆಯಿಸುವುದು?" ನನಗೆ ಉತ್ತರ ಗೊತ್ತಿರಲಿಲ್ಲ. ಹಾಳಾಯಿತು ಎಂದು ಬರೆಯಲು ನಾನು ಕಂಡ ಪುಸ್ತಕದಲ್ಲಿ ಕಾಲಂ ಇಲ್ಲ. ಖರ್ಚಾಯಿತು ಎಂದು ಬರೆದರೆ ಸುಳ್ಳು. ಪ್ರಾಮಾಣಿಕರು ಸುಳ್ಳು ಬರೆಯಲೇಬೇಕಾದ ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದೇವೆ. ಹವಾಮಾನ ಮುನ್ಸೂಚನೆ ಹಿಂದಿನ ದಿನ ಮಧ್ಯಾಹ್ನವೇ ಇರುವಾಗ, ಸಾಧ್ಯವಿದ್ದಷ್ಟು ಮಟ್ಟಿಗೆ ರಜೆಯ ನಿರ್ಧಾರ ಹಿಂದಿನ ಸಂಜೆಯೇ ಹೊರಬೀಳುವಂತೆ ತಾವು ಸಂಬಂಧಪಟ್ಟವರಲ್ಲಿ ಮಾತನಾಡಬೇಕು. ಬಟನ್ ಫೋನಿಗೂ ಬರುವ ಸಾದಾ ಎಸ್‌ಎಂಎಸ್ ಅಡುಗೆಯವರಿಗೆ ನೇರವಾಗಿ ಹೋಗಬೇಕು.

ಮೂರನೆಯದು ಅಕ್ಕಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಮಕ್ಕಳ ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ಶಾಲೆಗೆ ಬರುವುದು ಬೆಳ್ತಿಗೆ, ಹಾಗೆ ಬೇಯಿಸದ ಬಿಳಿ ಅಕ್ಕಿ. ಹನ್ನೊಂದೂವರೆಗೆ ಬೆಂದ ಬೆಳ್ತಿಗೆ ಅನ್ನ ಮಕ್ಕಳ ತಟ್ಟೆಗೆ ಬೀಳುವಾಗ ಒಂದು ಗಂಟೆ. ಅಷ್ಟು ಹೊತ್ತಿಗೆ ಹಂಡೆಯ ತಳದ್ದು ಮುದ್ದೆಯಾಗಿ, ಮೇಲಿನದು ಒಣಗಿ ಬಿರುಸಾಗಿರುತ್ತದೆ. ಕುಚ್ಚಲಕ್ಕಿ ಹಾಗಲ್ಲ, ಗಂಜಿಯ ತಿಳಿಯೊಳಗೆ ಎರಡು ಗಂಟೆ ಇದ್ದರೂ ಅಗುಳು ಅಗುಳಾಗಿ ಮೆತ್ತಗಿರುತ್ತದೆ. ಭತ್ತವನ್ನು ಕುಚ್ಚುವಾಗ ತವಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ನಮ್ಮ ಹಿರಿಯರಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ಗುಣ ಗೊತ್ತಿತ್ತು. ಉಡುಪಿ ತಾಲೂಕಿನ ಗದ್ದೆಗಳಲ್ಲಿ ಎಂಒ4 ತಳಿಯ ಕೆಂಪು ಭತ್ತ ಬೆಳೆಯುತ್ತದೆ. ಶಾಲೆಯ ಆವರಣದ ಗೋಡೆ ದಾಟಿದರೆ ಗದ್ದೆ. ಆ ಗದ್ದೆಯ ಅಕ್ಕಿ ಮಿಲ್ಲಿಗೆ ಹೋಗಿ ಎಲ್ಲೆಲ್ಲಿಗೋ ಮಾರಾಟವಾಗುತ್ತದೆ, ಗದ್ದೆ ಬದಿಯ ಶಾಲೆಯ ಮಗು ಎಲ್ಲಿಂದಲೋ ಬಂದ ಬೆಳ್ತಿಗೆಯನ್ನು ಬಕೆಟ್ಟಿಗೆ ಹಾಕುತ್ತದೆ. ಕರಾವಳಿಯ ಪಡಿತರಕ್ಕೂ ಶಾಲೆಗಳಿಗೂ ಕುಚ್ಚಲಕ್ಕಿ ಕೊಡಿ ಎಂಬ ಬೇಡಿಕೆ ಹಳೆಯದು. ಆ ನಿರ್ಧಾರ ಜಿಲ್ಲೆಯ ಕೈಯಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ ಮೇಲಕ್ಕೆ ಬರೆಯುವಾಗ ಅಂಕಿ ಸಮೇತ ಬರೆಯುವುದು ತಮ್ಮ ಕೈಯಲ್ಲಿದೆ. ಹತ್ತು ಶಾಲೆಗಳಲ್ಲಿ ಒಂದು ತಿಂಗಳು ಕುಚ್ಚಲಕ್ಕಿ ಬೇಯಿಸಿ, ಬಕೆಟ್ ತೂಗಿ, ಆ ತೂಕವನ್ನು ಪತ್ರಕ್ಕೆ ಲಗತ್ತಿಸಿ. ಅದರಷ್ಟು ಗಟ್ಟಿಯಾದ ವಾದ ಬೇರೆ ಇಲ್ಲ.

ಕುಚ್ಚಲಕ್ಕಿಗೆ ಗ್ಯಾಸ್ ಹೆಚ್ಚು ಖರ್ಚು ಎಂಬ ಆಕ್ಷೇಪ ಬರುತ್ತದೆ. ನೇರ ಒಲೆಯ ಮೇಲೆ ಬೇಯಿಸಿದರೆ ಹೌದು. ನಮ್ಮ ಮನೆಗಳಲ್ಲಿ ಈಗ ಶಾಖ ಹಿಡಿದಿಡುವ ಪೆಟ್ಟಿಗೆ ಬಳಸುತ್ತೇವೆ. ಅಕ್ಕಿ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಉಳಿದದ್ದನ್ನು ಆ ಶಾಖವೇ ಬೇಯಿಸುತ್ತದೆ. ಒಲೆ ಖಾಲಿಯಾಗುವುದರಿಂದ ಸಾಂಬಾರಿಗೂ ಮೊಟ್ಟೆಗೂ ಜಾಗ ಸಿಗುತ್ತದೆ. ಅಂಥದ್ದೇ ದೊಡ್ಡ ಪೆಟ್ಟಿಗೆಯನ್ನು ಶಾಲೆಗೆ ಮಾಡಿಸಿಕೊಳ್ಳಬಹುದು.

ಶಾಲೆಯ ಅಕ್ಕಿಯ ಬಗ್ಗೆ ಇನ್ನೊಂದು ಸಂಗತಿ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿಯನ್ನು ಸರಕಾರ ಕೆಲವು ವರ್ಷ ಶಾಲೆಗಳಿಗೆ ಕೊಟ್ಟಿದೆ. ನೂರು ಕಾಳಿಗೆ ಒಂದರಂತೆ ಬೆರೆಸಿದ ಆ ಕಾಳುಗಳು ಉಳಿದವುಗಳಿಗಿಂತ ತುಸು ಬೇರೆ ಬಣ್ಣ, ಬೇರೆ ನಯ. ಒಂದು ಬೆಳಿಗ್ಗೆ ನಾನು ಹೋದಾಗ ಸಹಾಯಕ ಅಡುಗೆಯ ಅಕ್ಕ ಗೆರಸೆಯಲ್ಲಿ ಅಕ್ಕಿ ಹರವಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಒಂದೊಂದೇ ಕಾಳನ್ನು ಹೆಕ್ಕಿ ಕಾಗದದ ಚೂರಿನ ಮೇಲೆ ಹಾಕುತ್ತಿದ್ದರು. ಏನೆಂದು ಕೇಳಿದೆ. "ಪ್ಲಾಸ್ಟಿಕ್ ಅಕ್ಕಿ ಸೇರಿದೆ ಅಣ್ಣ, ಮಕ್ಕಳ ಹೊಟ್ಟೆಗೆ ಹೋಗಬಾರದು" ಎಂದರು. ಸರಕಾರ ಹಣ ಹಾಕಿ ಬೆರೆಸಿದ ಪೋಷಕಾಂಶವನ್ನು, ಮಕ್ಕಳ ಮೇಲಿನ ಅಕ್ಕರೆಯಿಂದಲೇ ಆಕೆ ದಿನಾ ಅರ್ಧ ಗಂಟೆ ಕುಳಿತು ಹೆಕ್ಕಿ ಎಸೆಯುತ್ತಿದ್ದರು. ಹೇಳಿದವರಿಲ್ಲ. ಹಾಗೆಯೇ, ಬೆಂದ ಅನ್ನದ ತಿಳಿಯನ್ನು ಬಸಿದು ಚೆಲ್ಲಿದರೆ ಜೀವಸತ್ವದ ಒಂದು ಪಾಲು ಅದರ ಜೊತೆ ಹೋಗುತ್ತದೆ ಎಂದೂ ಅವರಿಗೆ ತಿಳಿಸಿದವರಿಲ್ಲ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ಭಾಷಣದ ತರಬೇತಿ ಬೇಡ. ಅಡುಗೆಮನೆ ಬಲ್ಲವರೊಬ್ಬರು ಒಂದು ಬೆಳಿಗ್ಗೆ ಅವರ ಜೊತೆ ಒಲೆಯ ಬಳಿ ನಿಂತು, ತುಳುವಿನಲ್ಲೋ ಕುಂದಾಪುರದ ಮಾತಿನಲ್ಲೋ ಹೇಳಿಕೊಟ್ಟರೆ ಸಾಕು.

ಅಡುಗೆಯ ಅಕ್ಕಂದಿರ ವಿಚಾರವನ್ನು ನಾನು ಬೇಡಿಕೆಯಾಗಿ ಅಲ್ಲ, ನೋವಿನಿಂದ ಬರೆಯುತ್ತಿದ್ದೇನೆ. 26ರಿಂದ 100 ಮಕ್ಕಳವರೆಗೆ ಇಬ್ಬರು ಅಡುಗೆಯವರು ಎಂಬುದು ಮಾನದಂಡ. 30 ಮಕ್ಕಳಿರುವ ಶಾಲೆಗೂ ಇಬ್ಬರು, ನಮ್ಮ 92ಕ್ಕೂ ಇಬ್ಬರು. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ ತಿಂಗಳಿಗೆ ₹1,000, ಅದೂ ವರ್ಷಕ್ಕೆ ಹತ್ತು ತಿಂಗಳು. ಈ ಮೊತ್ತ ನಿಗದಿಯಾದದ್ದು 2009ರಲ್ಲಿ. ರಾಜ್ಯ ಸರಕಾರ ತನ್ನ ಕಡೆಯಿಂದ ಸೇರಿಸಿ ಕೊಡುತ್ತದೆ ನಿಜ, ಆದರೂ ಅದು ನಮ್ಮೂರಿನ ತೋಟದ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ. 2009ರಲ್ಲಿ ಅವರ ಕೆಲಸ ಅನ್ನ ಸಾಂಬಾರು ಮಾಡುವುದಾಗಿತ್ತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು, ಬೆಳಿಗ್ಗೆ ಪ್ರತಿ ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿ ಲೀಟರು ಹಾಲು ಕಾಯಿಸಿ ಕೊಡುವ ಕೆಲಸ ಸೇರಿತು, ಲೋಟ ತೊಳೆಯುವುದು ಸೇರಿತು. ಆಮೇಲೆ ಮೊಟ್ಟೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ಅದು ವಾರಕ್ಕೆ ಆರು ದಿನವಾಯಿತು. ಎಲ್ಲವೂ ಒಳ್ಳೆಯದೇ, ಮಕ್ಕಳಿಗೆ ಬೇಕಾದದ್ದೇ. ಆದರೆ ಪ್ರತಿದಿನ ಎಪ್ಪತ್ತು ಮೊಟ್ಟೆ ಬೇಯಿಸಿ ಸುಲಿಯುವುದಕ್ಕೆ ಮೂರನೆಯ ಕೈ ಬರಲಿಲ್ಲ. ಬಿಸಿ ಮೊಟ್ಟೆಯ ಸಿಪ್ಪೆ ಚುಚ್ಚಿ ಮುಖ್ಯ ಅಡುಗೆಯ ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನ ಸಂದು ಕೀವಾಗಿತ್ತು. ಆ ಕೈಗೆ ಬಟ್ಟೆ ಸುತ್ತಿಕೊಂಡೇ ಕಾಯಿ ತುರಿಯುತ್ತಿದ್ದರು. ಅಡುಗೆಮನೆಯ ಶುಚಿತ್ವದ ದೃಷ್ಟಿಯಿಂದ ಅದು ತಪ್ಪು, ನನ್ನ ಕ್ಯಾಂಟೀನಿನಲ್ಲಾದರೆ ಅಂದು ಅವರನ್ನು ಮನೆಗೆ ಕಳುಹಿಸುತ್ತಿದ್ದೆ. ಇಲ್ಲಿ ಕಳುಹಿಸಿದರೆ ಅಡುಗೆ ಮಾಡುವವರು ಯಾರು? ಬದಲಿಗೆ ಬರಬಲ್ಲ ಒಬ್ಬರ ಪಟ್ಟಿ ಪ್ರತಿ ಗ್ರಾಮ ಪಂಚಾಯತ್ ಮಟ್ಟದಲ್ಲಿ ಇರಲಿ, ಅವರ ದಿನದ ಸಂಬಳ ಅಂದೇ ಸಿಗುವಂತಿರಲಿ. 75 ಮಕ್ಕಳನ್ನು ದಾಟಿದ ಶಾಲೆಗೆ ಮೂರನೆಯವರನ್ನು ಕೊಡುವ ಪ್ರಸ್ತಾವವನ್ನು ತಾವು ಮೇಲಕ್ಕೆ ಕಳುಹಿಸಿ. ಮೊಟ್ಟೆಗೆ ₹6 ಎಂದು ಹಾಕಿದ ಲೆಕ್ಕ ಪೇಟೆಯ ಧಾರಣೆ ಏರಿದಾಗ ಸಾಲುವುದಿಲ್ಲ. ವ್ಯತ್ಯಾಸವನ್ನು ಮುಖ್ಯ ಶಿಕ್ಷಕಿ ಕೈಯಿಂದ ಹಾಕಿದ್ದನ್ನು ನಾನು ಕಂಡಿದ್ದೇನೆ. ಗ್ಯಾಸ್ ಮುಗಿದ ದಿನವೂ ಹಾಗೆಯೇ. 2015ರ ಮಧ್ಯಾಹ್ನದ ಊಟದ ನಿಯಮಗಳಲ್ಲಿ, ಊಟದ ಹಣ ಮುಗಿದರೆ ಶಾಲೆಯಲ್ಲಿರುವ ಬೇರೆ ಹಣವನ್ನು ತಾತ್ಕಾಲಿಕವಾಗಿ ಬಳಸಲು ಮುಖ್ಯ ಶಿಕ್ಷಕರಿಗೆ ಅವಕಾಶವಿದೆ. ಆದರೆ ಲೆಕ್ಕ ತಪಾಸಣೆಯ ಭಯದಿಂದ ಯಾರೂ ಅದನ್ನು ಮುಟ್ಟುವುದಿಲ್ಲ. ಅದನ್ನು ಬಳಸಬಹುದು, ಬಳಸಿದರೆ ಪ್ರಶ್ನಿಸುವುದಿಲ್ಲ ಎಂದು ತಮ್ಮ ಸಹಿಯಲ್ಲಿ ಒಂದು ಪತ್ರ ಹೋದರೆ ಎಷ್ಟೋ ಶಿಕ್ಷಕಿಯರ ಪರ್ಸು ಉಳಿಯುತ್ತದೆ.

ತರಕಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಗ್ಗವೆಂದು ವಾರವಿಡೀ ಸೌತೆ, ಕುಂಬಳ. ನಾನು ತೂಗಿದ ದಿನಗಳಲ್ಲಿ ಅಲಸಂಡೆಗೆ ಕಾಯಿ ಹಾಕಿದ ದಿನ, ಬಸಳೆಯ ದಿನ ಬಕೆಟ್ ಹಗುರವಾಗಿತ್ತು. ಬಸಳೆಯ ಚಪ್ಪರ, ಹರಿವೆಯ ಸಾಲು, ನುಗ್ಗೆ, ತೊಂಡೆ, ಪಪ್ಪಾಯಿ ಇಲ್ಲದ ಹಿತ್ತಲು ನಮ್ಮೂರಿನಲ್ಲಿ ಕಡಿಮೆ. ದೇವಸ್ಥಾನದ ಬ್ರಹ್ಮಕಲಶಕ್ಕೆ, ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯಕ್ಕೆ ಹೊರೆಕಾಣಿಕೆಯ ಮೆರವಣಿಗೆ ಹೊರಟರೆ ಲಾರಿಗಟ್ಟಲೆ ತರಕಾರಿ, ತೆಂಗಿನಕಾಯಿ, ಅಕ್ಕಿ ಬಂದು ಬೀಳುತ್ತದೆ. ಕೊಡುವ ಕೈ ಈ ಜಿಲ್ಲೆಯಲ್ಲಿ ಎಂದೂ ಬತ್ತಿಲ್ಲ. ಶ್ರೀಕೃಷ್ಣ ಮಠದ ಚಿಣ್ಣರ ಸಂತರ್ಪಣೆಯಿಂದ ಮಕ್ಕಳಿಗೆ ಊಟ ಹಾಕಿದ ಊರು ಇದು. ತಿಂಗಳಿಗೊಮ್ಮೆ ಶಾಲೆಗೊಂದು ಹೊರೆಕಾಣಿಕೆ ಎಂದು ಕರೆ ಕೊಟ್ಟರೆ ಮನೆಗೊಂದು ತೆಂಗಿನಕಾಯಿ, ಒಂದು ಕಟ್ಟು ಸೊಪ್ಪು ಬಂದೇ ಬರುತ್ತದೆ. ಆದರೆ ಹೀಗೆ ಬಂದದ್ದನ್ನು ಪುಸ್ತಕದಲ್ಲಿ ಸೇರಿಸಿಕೊಳ್ಳುವುದು ಹೇಗೆಂಬ ಸ್ಪಷ್ಟ ಸೂಚನೆ ಬೇಕು. ಈಗ ತಂದುಕೊಟ್ಟ ಸೊಪ್ಪನ್ನು ತೆಗೆದುಕೊಳ್ಳಲು ಟೀಚರುಗಳು ಹೆದರುತ್ತಾರೆ.

ಆ ಹೆದರಿಕೆ ಪೂರ್ತಿ ತಪ್ಪೂ ಅಲ್ಲ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ ಊಟದಿಂದ 23 ಮಕ್ಕಳು ತೀರಿಹೋದರು. ಆ ದಿನ ಕ್ಯಾಂಟೀನಿನ ಎಣ್ಣೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ತೆರೆದು ಮೂಸಿ ನೋಡಿದವನು ನಾನು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿದಂತೆ ದೊಡ್ಡವರು ಉಂಡು ನೋಡಬೇಕೆಂಬ ನಿಯಮ ಇರುವುದು ಇದಕ್ಕಾಗಿ. ರುಚಿ ನೋಡುವ ಪುಸ್ತಕದಲ್ಲಿ ಒಂದು ವಾರದ ಸಹಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇದ್ದುದನ್ನು ನಾನು ಕಂಡೆ. ಕೇಳಿದಾಗ ಆ ಟೀಚರ ಕಣ್ಣು ತುಂಬಿತು. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾ, ಮೊಟ್ಟೆಯ ಬಿಲ್ಲು ಬರೆಯುತ್ತಾ, ದಿನದ ಊಟದ ಸಂಖ್ಯೆ ಕಳುಹಿಸುತ್ತಾ ಇರುವವರು ಅವರು. ಈ ಹೊಣೆಯಲ್ಲಿ ಪೋಷಕರಾದ ನಮಗೂ ಪಾಲಿದೆ. ನಮ್ಮ ಸಮಿತಿಯಲ್ಲಿ ತಾಯಂದಿರ ಸರದಿ ಮಾಡಿದ್ದೇವೆ. ದಿನಕ್ಕೊಬ್ಬರು ಹನ್ನೆರಡೂವರೆಗೆ ಬಂದು, ಉಂಡು, ತಮ್ಮ ಅಕ್ಷರದಲ್ಲಿ ಎರಡು ಸಾಲು ಬರೆಯುತ್ತಾರೆ. "ಉಪ್ಪು ಕಡಿಮೆ" ಎಂದು ಒಬ್ಬರು ಬರೆದರು. ಮೊನ್ನೆ ಒಬ್ಬರು "ಇವತ್ತು ನಮ್ಮ ಮನೆಯದ್ದಕ್ಕಿಂತ ಒಳ್ಳೆಯದಿತ್ತು" ಎಂದು ಬರೆದಿದ್ದಾರೆ. ಅದನ್ನು ಓದಿಸಿ ಹೇಳಿದಾಗ ಅಡುಗೆಯ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಮಾನ್ಯರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಎಲ್ಲ ಶಾಲೆಗಳ ಅಡುಗೆಯನ್ನು ಒಂದೇ ದೊಡ್ಡ ಅಡುಗೆಮನೆಗೆ ವಹಿಸಿ ವ್ಯಾನಿನಲ್ಲಿ ತರಿಸಿ ಎಂದು ಸಲಹೆ ಕೊಡುವವರಿದ್ದಾರೆ. ಪೇಟೆಯಲ್ಲಿ ಅದಕ್ಕೆ ಅದರದ್ದೇ ಅನುಕೂಲವಿದೆ. ಆದರೆ ನಮ್ಮಂತಹ ಊರಿನಲ್ಲಿ, ಮಳೆಗಾಲದಲ್ಲಿ ಕಾಲುಸಂಕದ ಕಿರುಸೇತುವೆ ದಾಟಿ ಹೋಗಬೇಕಾದ ಶಾಲೆಗಳಲ್ಲಿ, ಊರಿನ ಹೆಂಗಸರೇ ಬೇಯಿಸಿ ಬಿಸಿಯಾಗಿ ಬಡಿಸುವ ಅನ್ನಕ್ಕೆ ಬದಲಿ ಇಲ್ಲ. ನಾನು ಕೇಳುತ್ತಿರುವುದು ಪ್ರತಿ ಶಾಲೆಗೆ ಒಂದು ತಕ್ಕಡಿ, ಮತ್ತು ದಾಸ್ತಾನು ಪುಸ್ತಕದಲ್ಲಿ ಎರಡು ಹೊಸ ಕಾಲಂ: ಇಂದು ಹಾಳಾದದ್ದು ಎಷ್ಟು, ಇಂದು ತಟ್ಟೆಯಲ್ಲಿ ಉಳಿದದ್ದು ಎಷ್ಟು. ಆ ಅಂಕಿಗಾಗಿ ಯಾರನ್ನೂ ದಂಡಿಸುವುದಿಲ್ಲ ಎಂದು ಮೊದಲ ದಿನವೇ ಬರೆದು ಕೊಡಿ. ದಂಡದ ಭಯ ಬಂದ ದಿನ ಆ ಕಾಲಮ್ಮಿನಲ್ಲಿಯೂ ಸೊನ್ನೆ ಬೀಳುತ್ತದೆ, ಬಕೆಟ್ ತುಂಬಿಯೇ ಇರುತ್ತದೆ. ತಿಂಗಳ ಕೊನೆಗೆ ತಮ್ಮ ಮೇಜಿಗೆ ಬರುವ ವರದಿಯಲ್ಲಿ ಎಷ್ಟು ಕ್ವಿಂಟಾಲು ಅಕ್ಕಿ ಹಂಚಿಕೆಯಾಯಿತು ಎಂಬುದರ ಕೆಳಗೆ ಎಷ್ಟು ಉಳಿಯಿತು ಎಂಬ ಸಾಲೂ ಇರಲಿ. ಯಾವ ಶಾಲೆಯಲ್ಲಿ ಬಕೆಟ್ ಹಗುರವಿದೆಯೋ ಅಲ್ಲಿಯ ಅಡುಗೆಯವರನ್ನು ಪಕ್ಕದ ಶಾಲೆಗೆ ಗೌರವದಿಂದ ಕರೆಸಿ, ಅವರಿಂದಲೇ ಕಲಿಸಿ.

ಬರುವ ಸೋಮವಾರದಿಂದ ನಮ್ಮ ಶಾಲೆಯಲ್ಲಿ ಮತ್ತೆ ಒಂದು ತಿಂಗಳು ತೂಗಲಿದ್ದೇವೆ. ಈ ಬಾರಿ ಏಳನೇ ತರಗತಿಯ ಮಕ್ಕಳೇ ತೂಗಿ, ಗ್ರಾಫ್ ಬರೆದು ಗೋಡೆಗೆ ಅಂಟಿಸುತ್ತಾರೆ. ತಾವು ಅಥವಾ ತಮ್ಮ ಕಚೇರಿಯ ಯಾರಾದರೂ ಒಂದು ದಿನ, ಮೊದಲೇ ತಿಳಿಸದೆ, ಹನ್ನೆರಡೂವರೆಗೆ ಬನ್ನಿ. ಮಕ್ಕಳ ಸಾಲಿನಲ್ಲಿ ಜಗಲಿಯ ಮೇಲೆ ಕುಳಿತು ಊಟ ಮಾಡಿ. ಕೈ ತೊಳೆಯಲು ನಳ್ಳಿಯ ಬಳಿಗೆ ಹೋದಾಗ ಆ ನೀಲಿ ಬಕೆಟ್ಟಿನೊಳಗೆ ಬಗ್ಗಿ ನೋಡಿ. ತಟ್ಟೆ, ಲೋಟ ಶಾಲೆಯಲ್ಲಿಯೇ ಇವೆ.

ಇತಿ ತಮ್ಮ ವಿಶ್ವಾಸಿ,
ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯ,
ಉಡುಪಿ ಜಿಲ್ಲೆ